ಕೂಸು ಯಾವ ಭಾಷೆ ಆಡೀತು ಎಂಬ ಚಿಂತೆಗೆ ಮೊದಲು

ಮಾನ್ಯ ಸಂಪಾದಕರಿಗೆ, ನಮಸ್ಕಾರಗಳು.

ಹದಿನೈದು ದಿನಗಳ ಹಿಂದೆ ತಮ್ಮ ಓದುಗರ ಅಂಕಣದಲ್ಲಿ ಠಾಣೆಯ ತಾಯಿಯೊಬ್ಬರು, ತಮ್ಮ ಹತ್ತು ತಿಂಗಳ ಮಗಳ ಕಿವಿಗೆ ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಬೀಳುತ್ತಿರುವುದರಿಂದ ಮಗುವಿಗೆ ಗೊಂದಲವಾಗಿ ಮಾತು ತಡವಾದೀತೇ ಎಂದು ಕೇಳಿದ್ದರು. ಅದಕ್ಕೆ ಉತ್ತರವಾಗಿ ಬಂದ ಮೂರು ಪತ್ರಗಳನ್ನೂ ಓದಿದೆ. ಇಬ್ಬರು, ಯಾವುದಾದರೂ ಒಂದೇ ಭಾಷೆಯನ್ನು ಇಟ್ಟುಕೊಳ್ಳಿ ಎಂದಿದ್ದಾರೆ. ಮೂರನೆಯವರು, ಮೊಬೈಲಿನಲ್ಲಿ ಇಂಗ್ಲಿಷ್ ಶಿಶುಗೀತೆಗಳನ್ನು ಹಾಕಿಕೊಟ್ಟರೆ ಮಗು ಬೇಗ ಮಾತು ಕಲಿಯುತ್ತದೆ ಎಂದಿದ್ದಾರೆ. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತಳಾಗಿ, ಈಗ ಡೊಂಬಿವಲಿಯ ಮನೆಯಲ್ಲಿ ಹನ್ನೊಂದು ತಿಂಗಳ ಮೊಮ್ಮಗನನ್ನು ನೋಡಿಕೊಳ್ಳುತ್ತಿರುವ ನನಗೆ ಈ ಮೂರೂ ಪತ್ರಗಳಲ್ಲಿ ಒಂದೇ ಕೊರತೆ ಕಂಡಿತು. ಕೂಸೆಂದರೆ ನಾವು ಭಾಷೆಯನ್ನು ಸುರಿಯುವವರೆಗೆ ಸುಮ್ಮನೆ ಕಾದು ಕೂತಿರುವ ಖಾಲಿ ಕೊಡ ಎಂದು ಮೂವರೂ ಭಾವಿಸಿದಂತಿದೆ. ಆ ಹತ್ತು ತಿಂಗಳ ಹುಡುಗಿ ಆಗಲೇ ದಿನವಿಡೀ ಮಾತುಕತೆಯಲ್ಲಿ ತೊಡಗಿದ್ದಾಳೆ, ಅದು ನಡೆಯುತ್ತಿರುವುದು ಕಣ್ಣು, ಕೈ ಮತ್ತು ಮುಖಗಳ ಮೂಲಕ ಎಂಬುದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯದೂ ಅದೇ ಕಥೆ. ನಾವು ಧಾರವಾಡದ ಕಡೆಯವರು, ಸೊಸೆ ಸಾತಾರೆಯ ಮರಾಠಿ ಮನೆಯ ಹುಡುಗಿ. ಬೀಗಿತ್ತಿ ಬಂದರೆ ನನ್ನನ್ನು ‘ವಿಹೀಣಬಾಯಿ’ ಎಂದು ಕರೆಯುತ್ತಾರೆ. ನಮ್ಮಿಬ್ಬರ ಸಂಭಾಷಣೆ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ನಡೆದು, ಅಡುಗೆಮನೆಯ ವಿಷಯ ಬಂದಾಗ ಕೈಸನ್ನೆಗೆ ಇಳಿಯುತ್ತದೆ. ನಮ್ಮ ಗ್ಯಾಲರಿಯ ಜಾಳಿಗೆಯ ಮೇಲೆ ಪಾರಿವಾಳಗಳು ಬಂದು ಕೂರುತ್ತವೆ (ಮುಂಬಯಿಯ ಸುತ್ತಮುತ್ತ ಅವು ಕೂರದ ಗ್ಯಾಲರಿ ಯಾವುದಿದೆ?). ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಮೊಮ್ಮಗ ತೋರುಬೆರಳನ್ನು ಚಾಚಿ ಪಾರಿವಾಳವನ್ನು ತೋರಿಸಿದ. ನಾನು ‘ಬಂತ್ ನೋಡಪಾ ಪಾರಿವಾಳ’ ಎಂದೆ, ಬೀಗಿತ್ತಿ ‘ಕಬುತರ’ ಎಂದರು. ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಮತ್ತೆ ಪಾರಿವಾಳದ ಕಡೆ ತಿರುಗಿ ಇಡೀ ಮೈ ಕುಣಿಸಿ ನಕ್ಕ. ಎರಡು ಹೆಸರು ಕೇಳಿ ಅವನಿಗೆ ಗೊಂದಲವಾದಂತೆ ನನಗೇನೂ ಕಾಣಲಿಲ್ಲ. ತಾನು ಕಂಡದ್ದನ್ನು ಇವರಿಬ್ಬರೂ ಕಂಡರೋ ಇಲ್ಲವೋ ಎಂಬುದಷ್ಟೇ ಅವನಿಗೆ ಬೇಕಾಗಿತ್ತು.

ಈ ಬೆರಳು ತೋರಿಸುವ ಕೆಲಸವನ್ನು ನಾವು ಆಟವೆಂದು ತಳ್ಳಿಹಾಕುತ್ತೇವೆ. ಮನೋವಿಜ್ಞಾನಿ ಎಲಿಜಬೆತ್ ಬೇಟ್ಸ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿಯೇ ಇದರಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದರು. ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಗೆ ಕೈ ಚಾಚುವುದು ‘ಕೊಡು’ ಎಂಬ ಬೇಡಿಕೆ. ಪಾರಿವಾಳವನ್ನೋ ತಿರುಗುವ ಫ್ಯಾನನ್ನೋ ತೋರಿಸುವುದು ಬೇರೆಯೇ. ಫ್ಯಾನನ್ನು ಯಾರೂ ಇಳಿಸಿ ಕೈಗೆ ಕೊಡಲಾರರು, ಅದು ಬೇಕೆಂದೂ ಕೂಸು ಕೇಳುತ್ತಿಲ್ಲ. ‘ನೀನೂ ನೋಡು’ ಎಂಬುದಷ್ಟೇ ಅದರ ಇಂಗಿತ. ತಾನು ನೋಡುತ್ತಿರುವುದನ್ನು ಇನ್ನೊಬ್ಬರೂ ನೋಡಬಲ್ಲರು, ಅವರ ಗಮನವನ್ನು ತನ್ನ ಬೆರಳಿನಿಂದ ತಿರುಗಿಸಬಹುದು ಎಂಬ ತಿಳಿವಳಿಕೆ ಆ ಪುಟ್ಟ ತಲೆಯಲ್ಲಿ ಮೂಡಿದ ಮೇಲೆಯೇ ಪದಗಳಿಗೆ ನೆಲೆ ಸಿಗುತ್ತದೆ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ, ಮಗು ಮೊದಲು ಸನ್ನೆಯಿಂದ ತೋರಿಸಿದ ವಸ್ತುಗಳ ಹೆಸರುಗಳೇ ಮುಂದೆ ಅದರ ಬಾಯಿಂದ ಹೊರಡುವ ಪದಗಳಲ್ಲಿ ಬಹಳಷ್ಟಿರುತ್ತವೆ ಎಂಬುದನ್ನು ತೋರಿಸಿದೆ. ಎಂದಮೇಲೆ, ಮಗು ಬೆರಳು ತೋರಿಸಿದಾಗ ಅತ್ತ ತಿರುಗಿ ನೋಡಿ, ಅದರ ಹೆಸರನ್ನು ನಮ್ಮ ಭಾಷೆಯಲ್ಲಿ ಹೇಳುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಪಾಠ ಯಾವಾಗ ಬೇಕೆಂಬುದನ್ನು ವಿದ್ಯಾರ್ಥಿಯೇ ತಿಳಿಸುತ್ತಿದ್ದಾನಲ್ಲ.

ಇದೆಲ್ಲ ಒಂಬತ್ತು ತಿಂಗಳಿಗೆ ಏಕಾಏಕಿ ಬರುವುದೂ ಅಲ್ಲ. ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ, ಅಂದರೆ ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರ. ಹುಟ್ಟಿ ಎರಡರಿಂದ ಐದು ದಿನಗಳಾದ ಶಿಶುಗಳು ಸಹ, ತಮ್ಮತ್ತ ನೇರವಾಗಿ ನೋಡುವ ಮುಖವನ್ನು ಬೇರೆಡೆ ನೋಡುವ ಮುಖಕ್ಕಿಂತ ಹೆಚ್ಚು ಹೊತ್ತು ದಿಟ್ಟಿಸುತ್ತವೆ ಎಂಬುದನ್ನು ತೆರೇಸಾ ಫರೋನಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿಕೊಟ್ಟರು. ಆರರಿಂದ ಎಂಟು ವಾರಗಳ ಹೊತ್ತಿಗೆ, ನಿದ್ದೆಯಲ್ಲಿ ತಾನಾಗಿ ಅರಳುವ ನಗೆಯನ್ನು ಬಿಟ್ಟು, ನಮ್ಮ ಮುಖ ನೋಡಿ ನಗುವ ನಗೆ ಬರುತ್ತದೆ. ನಮ್ಮ ಮನೆಗೆ ಮಾಲಿಶ್ ಮಾಡಲು ಬರುತ್ತಿದ್ದ ಮರಾಠಿ ಹೆಂಗಸು ಇದನ್ನೆಲ್ಲ ಓದಿದವಳಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಮುಖವನ್ನು ಅದರ ಮುಖದ ಹತ್ತಿರ ತಂದು ಒಂದು ಮಾತಾಡಿ, ಆಮೇಲೆ ಸುಮ್ಮನಾಗಿ ಕಾಯುತ್ತಿದ್ದಳು. ಕೂಸು ಕಾಲು ಬಡಿದು ‘ಊಂ’ ಎಂದ ಮೇಲೆಯೇ ಮುಂದಿನ ಮಾತು. ತಾಯಿ ಮಗುವಿನ ನಡುವಿನ ಈ ಸರದಿಯ ಆಟಕ್ಕೆ ಮೇರಿ ಕ್ಯಾಥರೀನ್ ಬೇಟ್ಸನ್ 1975ರಲ್ಲಿ ‘ಮಾತುಕತೆಯ ಪೂರ್ವರೂಪ’ ಎಂಬರ್ಥದ ಹೆಸರು ಕೊಟ್ಟರು. ನಮ್ಮ ಮಾಲಿಶ್ ಹೆಂಗಸು ಅದಕ್ಕೆ ಪ್ರತ್ಯೇಕ ಹಣವನ್ನೇನೂ ಕೇಳಲಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಎರಡು ತಿಂಗಳ ಹಿಂದೆ ಮಧ್ಯಾಹ್ನ ಮೊಮ್ಮಗನಿಗೆ ರಾಗಿ ಗಂಜಿ ತಿನ್ನಿಸುತ್ತಿದ್ದೆ. ಊರಿನಿಂದ ಫೋನ್ ಬಂತು. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂಬ ಸುದ್ದಿ. ಫೋನನ್ನು ಕಿವಿಗೆ ಹಿಡಿದು, ಚಮಚವನ್ನು ಕೈಯಲ್ಲಿಯೇ ಬಿಟ್ಟು, ಕಣ್ಣನ್ನು ಅವನ ಮೇಲಿಟ್ಟುಕೊಂಡೇ ಅವನನ್ನು ಕಾಣದೆ ಕುಳಿತಿದ್ದೆ. ಅವನು ಮೊದಲು ಬಾಯಿ ತೆರೆದು ಕಾದ. ಚಮಚ ಬರಲಿಲ್ಲ. ನನ್ನ ಮುಖ ನೋಡಿ ನಕ್ಕ. ನಾನು ನಗಲಿಲ್ಲ. ತಟ್ಟೆಯ ಮೇಲೆ ಎರಡು ಸಲ ಕೈ ಬಡಿದ. ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ: ಎರಡೂ ಅಂಗೈಗಳನ್ನು ಕೂಡಿಸಿ ‘ಜೇಜಿ’ ಮಾಡಿದ. ಅದನ್ನು ಕಲಿತ ವಾರ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ನಗುತ್ತಿದ್ದರಲ್ಲ, ತನ್ನ ಬಳಿ ಇರುವ ಅತ್ಯುತ್ತಮ ಉಪಾಯ ಅದೇ ಎಂದು ಅವನಿಗೆ ಗೊತ್ತಿತ್ತು. ಅದಕ್ಕೂ ಈ ಮುಖ ಅಲುಗಲಿಲ್ಲ. ಆಗ ಅವನು ಕತ್ತನ್ನು ಗೋಡೆಯ ಕಡೆ ತಿರುಗಿಸಿ, ತನ್ನ ಅಂಗಿಯ ಅಂಚನ್ನು ಹಿಡಿದು ಜಗ್ಗುತ್ತ, ಕೆಳತುಟಿ ಮುಂದೆ ಮಾಡಿ ಬಿಕ್ಕತೊಡಗಿದ. ನನಗೆ ಎಚ್ಚರವಾದದ್ದು ಆಗ. ಫೋನಿನ ಮಾತು ಎರಡು ನಿಮಿಷವೂ ಆಗಿರಲಿಲ್ಲ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1975ರಲ್ಲಿ ಸಮ್ಮೇಳನವೊಂದರಲ್ಲಿ ತೋರಿಸಿ, ಸಂಗಡಿಗರೊಡನೆ 1978ರಲ್ಲಿ ಪ್ರಕಟಿಸಿದ ‘ನಿಶ್ಚಲ ಮುಖ’ದ ಪ್ರಯೋಗದಲ್ಲಿ ನಡೆಯುವುದೂ ಬಹುಪಾಲು ಇದೇ. ತಾಯಿ ಮಗುವಿನೆದುರು ಕುಳಿತು ಎಂದಿನಂತೆ ಆಡಿಸುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವನ್ನೇ ನೋಡುತ್ತ ಸುಮ್ಮನಿರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ದನಿ ತೆಗೆಯುತ್ತದೆ. ಯಾವುದಕ್ಕೂ ಉತ್ತರ ಸಿಗದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಗಮನಿಸಬೇಕಾದುದೇನೆಂದರೆ, ಅಲ್ಲಿ ತಾಯಿ ಎದ್ದು ಹೋಗಿಲ್ಲ, ಗದರಿಲ್ಲ, ಹೊಡೆದಿಲ್ಲ. ಅವಳ ಮುಖವೊಂದೇ ಉತ್ತರ ಕೊಡುವುದನ್ನು ನಿಲ್ಲಿಸಿದೆ. ಅದೇ ಪ್ರಯೋಗದ ಕೊನೆಯಲ್ಲಿ ತಾಯಿ ಮತ್ತೆ ಮೊದಲಿನಂತಾದಾಗ ಕೂಸು, ಸ್ವಲ್ಪ ಮುನಿಸು ತೋರಿದರೂ, ಮತ್ತೆ ಆಟಕ್ಕೆ ಮರಳುತ್ತದೆ. ಆದ್ದರಿಂದ ಎರಡು ನಿಮಿಷದ ಫೋನಿನಿಂದ ಮಗುವಿನ ಬಾಳು ಕೆಟ್ಟಿತೆಂದು ಯಾವ ತಾಯಿಯೂ ಹೆದರಬೇಕಾಗಿಲ್ಲ. ದಿನಕ್ಕೆ ಹತ್ತು ಸಲ ಎಳೆ ಕಡಿಯುತ್ತದೆ, ಹತ್ತು ಸಲವೂ ನಾವು ಗಂಟು ಹಾಕುತ್ತೇವೆ. ನನ್ನ ಆತಂಕವಿರುವುದು ಗಂಟು ಹಾಕಲು ಯಾರೂ ತಿರುಗದ ಹೊತ್ತುಗಳ ಬಗ್ಗೆ. ಲೋಕಲ್ ಗಾಡಿಯಲ್ಲಿ ನಿಂತು ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿದ ಮಗ, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮತ್ತೆ ಮೊಬೈಲಿಗೆ ಮುಖ ಬಾಗಿಸಿದಾಗ, ಆ ನೀಲಿ ಬೆಳಕು ಬಿದ್ದ ಮುಖ ಕೂಸಿನ ಕಣ್ಣಿಗೆ ಹೇಗೆ ಕಾಣುತ್ತಿರಬೇಕು? ಅವನ ದಣಿವು ನನಗೆ ಗೊತ್ತು, ಆದ್ದರಿಂದ ಬೈಯಲಾರೆ. ಆದರೆ ಹತ್ತೇ ನಿಮಿಷ ಮುಖ ಕೊಟ್ಟು, ಆಮೇಲೆ ಬೇಕಾದರೆ ಫೋನು ತೆಗೆದುಕೋ ಎಂದು ಹೇಳಿದ್ದೇನೆ, ಈಗೀಗ ಕೇಳುತ್ತಿದ್ದಾನೆ.

ನಮ್ಮಲ್ಲಿ ‘ಮುಖ ನೋಡಿ ಮಣೆ ಹಾಕು’ ಎಂಬ ಮಾತನ್ನು ದೊಡ್ಡವರ ದೋಷವನ್ನು ಆಡಿಕೊಳ್ಳಲು ಬಳಸುತ್ತೇವೆ. ಮುಖ ನೋಡುವ ಆ ವಿದ್ಯೆ ಆರು ತಿಂಗಳ ಕೂಸಿಗೇ ಬಂದಿರುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗನ ಶೈಶವದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದಾಗ, ಆರು ತಿಂಗಳು ದಾಟಿ ಕೆಲವೇ ದಿನಗಳಾಗಿದ್ದ ಮಗುವಿನೆದುರು ದಾದಿ ಅಳುವಂತೆ ನಟಿಸಿದ ಕೂಡಲೇ ಅದರ ತುಟಿಯ ತುದಿಗಳು ಕೆಳಗಿಳಿದು ಮುಖ ಬಾಡಿದ್ದನ್ನು ಬರೆದಿದ್ದಾನೆ. ವರ್ಷ ತುಂಬುವ ಹೊತ್ತಿಗೆ ಕೂಸು ಮುಖ ನೋಡಿ ಬಾಡುವುದಷ್ಟೇ ಅಲ್ಲ, ಮುಖವನ್ನು ಕೇಳಿ ನಿರ್ಧಾರವನ್ನೂ ಮಾಡುತ್ತದೆ. ಇದನ್ನು ತೋರಿಸಿದ ಪ್ರಯೋಗವೊಂದು ನನಗೆ ಬಹಳ ಹಿಡಿಸಿದೆ. ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಗಾಜು ಹಾಸಿದ ಮೇಜೊಂದನ್ನು ಬಳಸಿ, ಅರ್ಧ ಭಾಗದಲ್ಲಿ ಗಾಜಿನ ಕೆಳಗೆ ನೆಲ ಆಳಕ್ಕೆ ಇಳಿದಂತೆ ಕಾಣಿಸಿ, ಅಂಬೆಗಾಲಿಡುವ ಮಕ್ಕಳು ಆ ಕಡೆ ಹೋಗಲು ಹಿಂಜರಿಯುತ್ತವೆ ಎಂದು ತೋರಿಸಿದ್ದರು. ಜೇಮ್ಸ್ ಸೋರ್ಸ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಆಳವನ್ನು ಸುಮಾರು 30 ಸೆಂಟಿಮೀಟರಿಗೆ ಇಳಿಸಿದರು: ತೀರಾ ಭಯವೂ ಆಗಬಾರದು, ಧೈರ್ಯವೂ ಸಾಲಬಾರದು. ವರ್ಷದ ಮಕ್ಕಳು ಅಂಚಿಗೆ ಬಂದು ನಿಂತು ಎದುರಿಗಿದ್ದ ತಾಯಿಯ ಮುಖ ನೋಡಿದವು. ತಾಯಿ ಬಾಯಿ ಬಿಡುವಂತಿರಲಿಲ್ಲ. ಮುಖದಲ್ಲಿ ಸಂತೋಷ ಕಂಡ 19 ಮಕ್ಕಳಲ್ಲಿ 14 ದಾಟಿಬಂದವು. ಭಯ ಕಂಡ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ.

ಈ ಗಾಜಿನ ಮೇಜು ನನಗೆ ಮಂಗಳವಾರ ಮತ್ತು ಶುಕ್ರವಾರ ನೆನಪಾಗುತ್ತದೆ. ಆ ಎರಡು ದಿನ ನನ್ನ ಮಂಡಿಗೆ ಫಿಸಿಯೋಥೆರಪಿ ಇರುವುದರಿಂದ ಮಗುವನ್ನು ಪಕ್ಕದ ಓಣಿಯ ಪಾಳಣಾಘರಿನಲ್ಲಿ (ಹಗಲು ಹೊತ್ತು ಕೂಸುಗಳನ್ನು ನೋಡಿಕೊಳ್ಳುವ ಮನೆ) ಬಿಡುತ್ತೇವೆ. ಅಲ್ಲಿನ ಬಾಗಿಲಲ್ಲಿ ನಿಂತು ನೋಡಿ, ದಿನವೂ ಈ ಪ್ರಯೋಗ ನಡೆಯುತ್ತದೆ. ಸೊಸೆ ಮೊದಮೊದಲು ‘ಏನೂ ಆಗಲ್ಲ ರಾಜಾ’ ಎಂದು ಮರಾಠಿಯಲ್ಲಿ ಹೇಳುತ್ತ, ಹುಬ್ಬು ಗಂಟಿಕ್ಕಿಕೊಂಡು, ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೇ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಾವಶಿಯ ಕೈಗೆ ಕೊಡುತ್ತಿದ್ದಳು. ಮಾತು ಒಂದು ಹೇಳುತ್ತಿತ್ತು, ತೋಳು ಇನ್ನೊಂದು ಹೇಳುತ್ತಿತ್ತು. ಕೂಸು ನಂಬಿದ್ದು ತೋಳನ್ನು. ಆಮೇಲೆ ಅವಳು ಒಳಗೆ ಹೋಗಿ ಆ ಮಾವಶಿಯ ಜೊತೆ ಎರಡು ನಿಮಿಷ ನಗುತ್ತ ಹರಟೆ ಹೊಡೆದು, ಅಷ್ಟರಲ್ಲಿ ಇಬ್ಬರ ಮುಖವನ್ನೂ ಸರದಿಯಾಗಿ ನೋಡುತ್ತಿದ್ದ ಮಗುವನ್ನು ಕೆಳಗಿಳಿಸತೊಡಗಿದಳು. ಅಳು ನಿಂತೇ ಹೋಯಿತೆಂದು ಹೇಳಲಾರೆ, ಕಡಿಮೆಯಂತೂ ಆಗಿದೆ. ಮಗುವಿಗೆ ತಿಳಿಯಬಾರದೆಂದು ಕಣ್ಣು ತಪ್ಪಿಸಿ ಓಡಿಹೋಗುವ ಪದ್ಧತಿ ನನಗೆ ಸರಿಕಾಣುವುದಿಲ್ಲ.

ಇನ್ನು ಭಾಷೆಯ ಪ್ರಶ್ನೆ. ಲಸಿಕೆ ಹಾಕಿಸಲು ಹೋದ ಒಂದು ದವಾಖಾನೆಯಲ್ಲಿ ನನ್ನ ಸೊಸೆಗೂ, ‘ಮನೆಯಲ್ಲಿ ಒಂದೇ ಭಾಷೆ ಆಡಿ, ಅಜ್ಜಿಗೂ ಹೇಳಿ’ ಎಂದು ಬುದ್ಧಿ ಹೇಳಿ ಕಳಿಸಿದರು. ಅಜ್ಜಿಗೆ ಸಿಟ್ಟು ಬಂದದ್ದು ಸಹಜ, ಆದರೆ ಸಿಟ್ಟು ವಾದವಾಗುವುದಿಲ್ಲವಾದ್ದರಿಂದ ಗ್ರಂಥಾಲಯ ಹೊಕ್ಕೆ. ಕೆನಡಾದ ವ್ಯಾಂಕೂವರಿನಲ್ಲಿ ವಿಟ್ನಿ ವೈಕಮ್, ಜಾನೆಟ್ ವರ್ಕರ್ ಮತ್ತಿತರರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್ ಎರಡನ್ನೂ ಬಲ್ಲವರು ಮಾತಾಡುವ ವಿಡಿಯೊಗಳನ್ನು ಧ್ವನಿ ತೆಗೆದು ಕೂಸುಗಳಿಗೆ ತೋರಿಸಿದ್ದರು. ನಾಲ್ಕು ಮತ್ತು ಆರು ತಿಂಗಳ ಕೂಸುಗಳು, ಸದ್ದೇ ಇಲ್ಲದಿದ್ದರೂ, ಬರಿಯ ಮುಖ ಮತ್ತು ತುಟಿಗಳ ಚಲನೆಯಿಂದ ಭಾಷೆ ಬದಲಾದದ್ದನ್ನು ಗುರುತಿಸಿದವು. ಎಂಟು ತಿಂಗಳಿಗೆ, ಒಂದೇ ಭಾಷೆಯ ಮನೆಯ ಮಕ್ಕಳಲ್ಲಿ ಈ ಶಕ್ತಿ ಕಾಣಲಿಲ್ಲ. ಎರಡೂ ಭಾಷೆಗಳ ಮನೆಯ ಮಕ್ಕಳಲ್ಲಿ ಉಳಿದಿತ್ತು. ಅಮೆರಿಕದ ಡೇವಿಡ್ ಲೆವ್ಕೊವಿಚ್ ಮತ್ತು ಏಮಿ ಹ್ಯಾನ್ಸೆನ್-ಟಿಫ್ಟ್ 2012ರಲ್ಲಿ, ನಾಲ್ಕು ತಿಂಗಳಲ್ಲಿ ಮಾತಾಡುವವರ ಕಣ್ಣನ್ನು ಹೆಚ್ಚು ನೋಡುವ ಕೂಸು ಎಂಟು ತಿಂಗಳ ಹೊತ್ತಿಗೆ ಬಾಯಿಯ ಕಡೆ ದೃಷ್ಟಿ ತಿರುಗಿಸುತ್ತದೆ ಎಂದು ತೋರಿಸಿದರು. ‘ಪಾರಿವಾಳ’ ಎನ್ನುವಾಗ ನನ್ನ ತುಟಿ ಕೂಡಿ ಬಿಡುವುದನ್ನು ಮೊಮ್ಮಗ ಏಕೆ ಹಾಗೆ ದಿಟ್ಟಿಸುತ್ತಾನೆ ಎಂಬುದು ಆಮೇಲೆ ನನಗೆ ಅರ್ಥವಾಯಿತು. ಈ ಭಾಷೆ ಅಜ್ಜಿಯ ಮುಖದ್ದು, ಆ ಭಾಷೆ ಅಮ್ಮನ ಮುಖದ್ದು ಎಂದು ವಿಂಗಡಿಸಿಕೊಳ್ಳುವ ಕೂಸನ್ನು ಗೊಂದಲಕ್ಕೊಳಗಾಗಿದೆ ಎನ್ನುವುದು ಹೇಗೆ?

ಮೊಬೈಲಿನ ಶಿಶುಗೀತೆಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ ಎಂದಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದವರೆಗೂ ಬೇಡ ಎನ್ನುತ್ತದೆ. ಪರದೆಯೊಳಗಿನ ಗೊಂಬೆ ಎಷ್ಟೇ ಚೆನ್ನಾಗಿ ಹಾಡಲಿ, ಕೂಸು ಜೇಜಿ ಮಾಡಿದರೆ ಅದು ತಿರುಗಿ ನಗಲಾರದು. (ಊರಿನ ಅಜ್ಜಂದಿರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿಸುವುದು ಬೇರೆ, ಅಲ್ಲಿರುವ ಮುಖ ಉತ್ತರ ಕೊಡುತ್ತದೆ.)

ಇಷ್ಟು ಹೇಳಿದ ಮೇಲೆ, ಈ ವಿಷಯದಲ್ಲಿ ಅತಿಯಾದ ಹೇಳಿಕೆಗಳೂ ಇವೆ ಎಂಬುದನ್ನು ಒಪ್ಪಬೇಕು. ನಾಲಿಗೆ ಹೊರಚಾಚಿ ತೋರಿಸಿದರೆ ಎರಡು ಮೂರು ವಾರದ ಕೂಸೂ ಅನುಕರಿಸುತ್ತದೆ ಎಂದು ಆಂಡ್ರ್ಯೂ ಮೆಲ್ಟ್ಸಾಫ್ ಮತ್ತು ಕೀತ್ ಮೂರ್ 1977ರಲ್ಲಿ ಬರೆದದ್ದು ಪಠ್ಯಪುಸ್ತಕಗಳಲ್ಲೆಲ್ಲ ಸೇರಿತ್ತು. ಆಸ್ಟ್ರೇಲಿಯಾದಲ್ಲಿ 106 ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಂಥ ಅನುಕರಣೆ ಕಾಣಸಿಗಲಿಲ್ಲ. ಕೂಸಿನ ಪ್ರತಿಯೊಂದು ಕೈಯಾಟಕ್ಕೂ ಅರ್ಥ ಹೇಳಿಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ಕಂಡರೆ, ಹಾಗಾಗಿ, ಹಣ ಕಟ್ಟುವ ಮೊದಲು ನೆರೆಮನೆಯ ಅಜ್ಜಿಯನ್ನು ಕೇಳುವುದು ಒಳ್ಳೆಯದು. ಕಿವಿ ಹಿಡಿದುಕೊಂಡರೆ ಕೆಲವೊಮ್ಮೆ ಕಿವಿನೋವು, ಕೆಲವೊಮ್ಮೆ ನಿದ್ದೆ, ಕೆಲವೊಮ್ಮೆ ಕಿವಿ ಸಿಕ್ಕಿತೆಂಬ ಸಂತೋಷ ಅಷ್ಟೇ.

ಆದರೆ ಒಂದು ವಿಷಯದಲ್ಲಿ ಅಜ್ಜಿಯರಾದ ನಾವು ಮಾಡುವ ತಪ್ಪು ದೊಡ್ಡದು. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಬಿಡಿ’ ಎಂದು ಸಮಾಧಾನ ಹೇಳಿಬಿಡುತ್ತೇವೆ. ಮಾತು ತಡವಾದರೂ ಕೂಸು ಬೆರಳು ತೋರಿಸುತ್ತಿದೆ, ಹೆಸರು ಕರೆದರೆ ತಿರುಗುತ್ತಿದೆ, ಟಾಟಾ ಮಾಡುತ್ತಿದೆ, ಮುಖ ನೋಡಿ ನಗುತ್ತಿದೆ ಎಂದರೆ ಸಮಾಧಾನಕ್ಕೆ ಸ್ವಲ್ಪ ಆಧಾರವುಂಟು. ಹನ್ನೆರಡು ತಿಂಗಳು ತುಂಬಿದರೂ ತೊದಲುವುದಿಲ್ಲ, ಯಾವ ಸನ್ನೆಯೂ ಇಲ್ಲ, ಕರೆದರೆ ತಿರುಗುವುದಿಲ್ಲ, ಇಲ್ಲವೇ ಮೊದಲು ಮಾಡುತ್ತಿದ್ದುದನ್ನು ಬಿಟ್ಟುಬಿಟ್ಟಿದೆ ಎಂದಾದರೆ, ಮನೆಯಲ್ಲಿ ಆಡುವ ಭಾಷೆಗಳ ಸಂಖ್ಯೆಯನ್ನು ದೂರುತ್ತ ಕೂರದೆ, ಕಿವಿ ಕೇಳುತ್ತದೆಯೇ ಎಂಬುದರಿಂದ ಮೊದಲುಮಾಡಿ ತಜ್ಞರಿಂದ ಪರೀಕ್ಷೆ ಮಾಡಿಸಲೇಬೇಕು. ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ಹೆಸರಿನ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ; ನಮ್ಮ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಕೇಳಿಸದ ಕೂಸಿಗೂ ಭಾಷೆಯ ಹಸಿವು ಕಡಿಮೆಯಿರುವುದಿಲ್ಲ. ಸಂಜ್ಞಾಭಾಷೆ ಆಡುವ ಮನೆಯ ಕಿವುಡು ಕೂಸುಗಳು ಕೈಯಿಂದಲೇ ತೊದಲುತ್ತವೆ ಎಂದು ಲಾರಾ ಆ್ಯನ್ ಪೆಟಿಟೊ ಮತ್ತು ಪೌಲಾ ಮರೆಂಟೆಟ್ 1991ರಲ್ಲಿಯೇ ತೋರಿಸಿದ್ದಾರೆ.

ತಮ್ಮಲ್ಲಿ ನನ್ನ ಕೋರಿಕೆಯಿಷ್ಟೆ. ಒಂಬತ್ತು ತಿಂಗಳ ಲಸಿಕೆಯ ಹೊತ್ತಿಗೆ ಮತ್ತು ವರ್ಷ ತುಂಬಿದಾಗ ಮಗುವಿನ ಕಣ್ಣು, ಕೈ, ಮುಖಗಳಲ್ಲಿ ತಂದೆತಾಯಿ ಏನನ್ನು ಗಮನಿಸಬೇಕೆಂಬುದನ್ನು ಮಕ್ಕಳ ವೈದ್ಯರೊಬ್ಬರಿಂದ ಬರೆಸಿ, ಕತ್ತರಿಸಿಟ್ಟುಕೊಳ್ಳುವಂತೆ ಒಂದು ಚೌಕಟ್ಟಿನಲ್ಲಿ ಪ್ರಕಟಿಸಬೇಕು. ಮುಂಬಯಿ, ಠಾಣೆ, ಡೊಂಬಿವಲಿಗಳ ಕನ್ನಡ ಸಂಘಗಳು ಅರಿಸಿನ ಕುಂಕುಮದ ಸಂಜೆಗಳಲ್ಲಿ ಸೊಸೆಯಂದಿರನ್ನೂ ಅತ್ತೆಯಂದಿರನ್ನೂ ಕೂರಿಸಿ ಇದರ ಬಗ್ಗೆ ಅರ್ಧ ಗಂಟೆ ಮಾತಾಡಿಸಿದರೆ, ಪ್ರತಿವರ್ಷದ ರಂಗೋಲಿ ಸ್ಪರ್ಧೆಗೆ ಅದರಿಂದೇನೂ ಕುಂದು ಬರಲಾರದು. ಪಾಳಣಾಘರ್ ನಡೆಸುವ ಮಾವಶಿಯರನ್ನೂ ಕರೆಯಲಿ. ದಿನದ ಎಂಟು ಹತ್ತು ಗಂಟೆ ಎಷ್ಟೋ ಕೂಸುಗಳು ಓದುವುದು ಅವರ ಮುಖವನ್ನೇ.

ಠಾಣೆಯ ಆ ತಾಯಿ ಕನ್ನಡವನ್ನು ಬಿಡಬೇಕಾಗಿಲ್ಲ, ನೆರೆಮನೆಯ ಮರಾಠಿಗೆ ಬಾಗಿಲು ಹಾಕಬೇಕಾಗಿಯೂ ಇಲ್ಲ. ಮಂಗಳವಾರ ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಮಗಳನ್ನು ಎತ್ತಿಕೊಂಡು ಡೊಂಬಿವಲಿಗೆ ಬರಲಿ. ಅವಳಿಗೆ ಪಾರಿವಾಳ ತೋರಿಸಲು ನಮ್ಮ ಮನೆಯಲ್ಲೊಬ್ಬ ಬೆರಳು ಚಾಚಿಕೊಂಡೇ ಕೂತಿದ್ದಾನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ
ಡೊಂಬಿವಲಿ (ಪೂರ್ವ)